ಆಸ್ಪತ್ರೆ ಸಿಬ್ಬಂದಿಗೆ ಫ್ಲೂ ಲಸಿಕೆ: 41 ಡೋಸ್ ಫ್ರಿಜ್‌ನಲ್ಲೇ ಕೂತಿವೆ, ಏನು ಮಾಡಲಿ?

ರಾತ್ರಿಪಾಳಿ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ದಕ್ಷಿಣ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸೋಂಕು ನಿಯಂತ್ರಣದ ನರ್ಸ್ ಆಗಿದ್ದೇನೆ. ನನ್ನ ಹೆಸರು ಬೇಡ, ಆಸ್ಪತ್ರೆಯ ಹೆಸರಂತೂ ಬೇಡವೇ ಬೇಡ.

ವಿಷಯ ಇಷ್ಟು. ಮಳೆಗಾಲಕ್ಕೆ ಮುಂಚೆ ಸಿಬ್ಬಂದಿಗೆ ಹಾಕಲಿ ಅಂತ ಮ್ಯಾನೇಜ್‌ಮೆಂಟ್ ಈ ಸಲ 60 ಡೋಸ್ ಫ್ಲೂ ಲಸಿಕೆ ತರಿಸಿಕೊಟ್ಟಿದೆ. ಪುಕ್ಕಟೆ. ಎರಡು ವರ್ಷ ಬೆನ್ನು ಬಿದ್ದು ಒಪ್ಪಿಸಿದ್ದು ನಾನು. ಮೂರು ವಾರ ಆಯಿತು. ಹಾಕಿಸಿಕೊಂಡವರು 19 ಜನ. ಅದರಲ್ಲಿ ನಾನೂ ಒಬ್ಬಳು, ನನ್ನ ಮುಲಾಜಿಗೆ ಬಂದವರು ನಾಲ್ಕೈದು ಮಂದಿ. ಉಳಿದ 41 ಡೋಸ್ ಫ್ರಿಜ್ ಬಾಗಿಲು ತೆಗೆದಾಗಲೆಲ್ಲ ನನ್ನ ಮುಖ ನೋಡುತ್ತವೆ.

ನನಗೆ ಯಾಕೆ ಇಷ್ಟು ಹಟ ಅಂತ ಕೇಳಬಹುದು. ಹೋದ ವರ್ಷ ಆಗಸ್ಟ್‌ನಲ್ಲಿ ನಮ್ಮ ವಾರ್ಡ್‌ನ ಒಬ್ಬ ಸಿಸ್ಟರ್ ಜ್ವರ ಇಟ್ಟುಕೊಂಡೇ ಡ್ಯೂಟಿಗೆ ಬಂದರು. ರಜೆ ಹಾಕಿದರೆ ಆ ತಿಂಗಳ ಅಟೆಂಡೆನ್ಸ್ ಬೋನಸ್ ಹೋಗುತ್ತಿತ್ತು. ಬೆಳಿಗ್ಗೆ ಒಂದು ಡೋಲೋ, ಮಧ್ಯಾಹ್ನ ಒಂದು ಡೋಲೋ. ವಾರದೊಳಗೆ ವಾರ್ಡ್‌ನ ಐದು ಜನ ಮಲಗಿದರು. ಆಮೇಲೆ ಇಬ್ಬರು ರೋಗಿಗಳಿಗೂ ಬಂತು. ಒಬ್ಬರು ಎಪ್ಪತ್ತು ದಾಟಿದ ಅಜ್ಜಿ, ಐಸಿಯು ತನಕ ಹೋಗಿ ಬಂದರು. ಅವರು ನಮ್ಮಲ್ಲಿಗೆ ಬಂದಿದ್ದು ಸೊಂಟದ ಮೂಳೆ ಮುರಿದುಕೊಂಡು. ಫ್ಲೂ ನಾವು ಕೊಟ್ಟಿದ್ದು. ಯಾರಿಂದ ಬಂತು ಅಂತ ಸಾಬೀತು ಮಾಡಲು ಆಗುವುದಿಲ್ಲ, ಆದರೆ ಅಲ್ಲಿದ್ದ ನಮಗೆಲ್ಲ ಗೊತ್ತಿತ್ತು.

ಈಗ ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. "ದಿನಾ ರೋಗಿಗಳ ಮಧ್ಯೆನೇ ಇರ್ತೀವಿ, ನಮಗೆಲ್ಲ ಇಮ್ಯುನಿಟಿ ಬಂದಿದೆ ಸಿಸ್ಟರ್." "ಹಾಕಿಸಿಕೊಂಡರೆ ಜ್ವರ ಬರುತ್ತೆ." "ಕೋವಿಡ್‌ದು ಮೂರು ಚುಚ್ಚಿಸಿಕೊಂಡೆನಲ್ಲ, ಸಾಕು." ಎಲ್ಲಕ್ಕಿಂತ ಜಾಸ್ತಿ ಕೇಳಿಸುವುದು "ನಾಳೆ ಬರ್ತೀನಿ". ಇದೇ ಜನ ಹೆಪಟೈಟಿಸ್ ಬಿ ಲಸಿಕೆಯ ಮೂರೂ ಡೋಸ್ ಮಾತಿಲ್ಲದೆ ಹಾಕಿಸಿಕೊಂಡವರು!

ಬೇರೆ ಆಸ್ಪತ್ರೆಗಳಲ್ಲಿ ಹೇಗೆ ಮಾಡುತ್ತೀರಿ? ಬೈಯದೆ ಹೇಳಿ.

ಇಂಜೆಕ್ಷನ್ ಬೇಡಪ್ಪ

ಬೈಯಲ್ಲ, ಆದರೆ ನಾನು ನಿಮ್ಮ "ನಾಳೆ ಬರ್ತೀನಿ" ಗುಂಪಿನವನು. ಬೇರೆ ಆಸ್ಪತ್ರೆಯಲ್ಲಿ ಓಟಿ ಟೆಕ್ನಿಶಿಯನ್. ಎರಡು ವರ್ಷದ ಹಿಂದೆ ಹಾಕಿಸಿಕೊಂಡೆ. ಐದನೇ ದಿನಕ್ಕೆ ಜ್ವರ, ಕೆಮ್ಮು, ಮೈಕೈ ನೋವು. ನಾಲ್ಕು ದಿನ ರಜೆ, ಸಂಬಳ ಕಟ್. ಹಾಕಿಸಿಕೊಳ್ಳದ ವರ್ಷ ಏನೂ ಆಗಲಿಲ್ಲ. ಈಗ ಹೇಳಿ, ನಾನು ಯಾಕೆ ನಂಬಬೇಕು?

ಇನ್ನೊಂದು. ಹೆಪಟೈಟಿಸ್ ಬಿ ಬೇರೆ ಲೆಕ್ಕ. ಸೂಜಿ ಚುಚ್ಚಿಕೊಂಡರೆ ಜೀವನಪೂರ್ತಿ ಲಿವರ್ ಸಮಸ್ಯೆ ಅಂತ ಎಲ್ಲರಿಗೂ ಭಯ ಇದೆ. ಫ್ಲೂ ಅಂದರೆ ನಮ್ಮ ಜನಕ್ಕೆ ನೆಗಡಿ. ನೆಗಡಿಗೆ ಮೆಣಸಿನ ಸಾರು ಇದೆಯಲ್ಲ.

ಹಳೇ ಸ್ಟೆತೊ

ನಿವೃತ್ತ ಫಿಸಿಶಿಯನ್. ಮೂವತ್ತೈದು ವರ್ಷ ಸರ್ಕಾರಿ ಮತ್ತು ಖಾಸಗಿ ಎರಡೂ ಕಡೆ ದುಡಿದಿದ್ದೇನೆ. ಮೆಣಸಿನ ಸಾರಿಗೆ ನನ್ನ ವಿರೋಧ ಇಲ್ಲ, ನಾನೂ ಕುಡಿಯುತ್ತೇನೆ.

ನಿಮ್ಮ ಐದನೇ ದಿನದ ಜ್ವರ ಸುಳ್ಳು ಅಂತ ನಾನು ಹೇಳುವುದಿಲ್ಲ. ಆದರೆ ಅದು ಲಸಿಕೆಯ ಜ್ವರ ಅಲ್ಲ. ತೋಳಿಗೆ ಚುಚ್ಚುವ ಫ್ಲೂ ಲಸಿಕೆಯಲ್ಲಿ ಜೀವಂತ ವೈರಸ್ ಇರುವುದಿಲ್ಲ. ಸತ್ತ ವೈರಸ್‌ನ ತುಣುಕುಗಳು ಅಷ್ಟೇ. ಅದರಿಂದ ಫ್ಲೂ ಬರಲು ಸಾಧ್ಯವಿಲ್ಲ. ಕೈ ನೋವು, ಸ್ವಲ್ಪ ಮೈ ಬೆಚ್ಚಗಾಗುವುದು, ಸುಸ್ತು, ಇವು ಒಂದೆರಡು ದಿನದಲ್ಲಿ ಬಂದು ಹೋಗುತ್ತವೆ. ಐದನೇ ದಿನ ಕೆಮ್ಮಿನ ಜೊತೆ ಜ್ವರ ಬಂದಿದೆ ಅಂದರೆ ಬೇರೆ ಯಾವುದೋ ವೈರಸ್ ಹಿಡಿದಿರಬೇಕು, ಇಲ್ಲವೇ ನಿಜವಾದ ಫ್ಲೂ ಆಗಲೇ ಹಿಡಿದಿರಬೇಕು. ಲಸಿಕೆ ಕೆಲಸ ಶುರು ಮಾಡಲು ಸುಮಾರು ಎರಡು ವಾರ ಬೇಕು. ಊರಲ್ಲಿ ಎಲ್ಲರೂ ಕೆಮ್ಮಲು ಶುರು ಮಾಡಿದ ಮೇಲೆ ಹಾಕಿಸಿಕೊಂಡರೆ ಹೀಗೇ ಆಗುವುದು. ನೀವು ಹಾಕಿಸಿಕೊಂಡಿದ್ದು ಯಾವ ತಿಂಗಳು?

"ನಮಗೇನೂ ಆಗಲ್ಲ" ಅನ್ನುವವರಿಗೆ ಒಂದು ಹಳೆಯ ಅಧ್ಯಯನ ನೆನಪಿಸುತ್ತೇನೆ. 1993-94ರ ಚಳಿಗಾಲದಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದ ನಾಲ್ಕು ಆಸ್ಪತ್ರೆಗಳ 518 ಸಿಬ್ಬಂದಿಯ ರಕ್ತವನ್ನು ಸೀಸನ್‌ಗೆ ಮುಂಚೆ ಮತ್ತು ಆಮೇಲೆ ನೋಡಿದರು. 120 ಜನರಿಗೆ ಫ್ಲೂ ತಗಲಿತ್ತು, ಅಂದರೆ ನೂರಕ್ಕೆ 23. ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ತಮಗೆ ಫ್ಲೂ ಬಂದಿದ್ದ ನೆನಪೇ ಇರಲಿಲ್ಲ. ಕಾಲು ಭಾಗಕ್ಕಿಂತ ಜಾಸ್ತಿ ಜನಕ್ಕೆ ನೆಗಡಿ, ಕೆಮ್ಮು ಬಂದಿದ್ದೂ ನೆನಪಿಲ್ಲ. ಅವರೆಲ್ಲ ಡ್ಯೂಟಿ ಮಾಡುತ್ತಲೇ ಇದ್ದರು. ಈ ರೋಗದ ತಂಟೆಯೇ ಅದು. ಲಕ್ಷಣ ಕಾಣಿಸುವ ಒಂದು ದಿನ ಮೊದಲೇ ಹರಡಲು ಶುರುವಾಗುತ್ತದೆ.

ನಿಮಗೆ ಏನೂ ಆಗದೇ ಇರಬಹುದು. ಕಿಮೋ ಹಾಕಿಸಿಕೊಂಡು ಮಲಗಿರುವವರ ಕಥೆ ಬೇರೆ.

ಇಂಜೆಕ್ಷನ್ ಬೇಡಪ್ಪ

ಆಗಸ್ಟ್ ಕೊನೆ. ಗಣೇಶನ ಹಬ್ಬದ ಹತ್ತಿರ.

ಹಳೇ ಸ್ಟೆತೊ

ಅದೇ ನೋಡಿ. ಬೆಂಗಳೂರಲ್ಲಿ ಆ ಹೊತ್ತಿಗೆ ಫ್ಲೂ ಮನೆಯೊಳಗೆ ಬಂದು ಕೂತಿರುತ್ತದೆ.

ಲ್ಯಾಬ್ ಬೆಂಚ್

ಮೈಕ್ರೋಬಯಾಲಜಿ ಲ್ಯಾಬ್‌ನಿಂದ ನನ್ನದೊಂದು ಮಾತು. ತಿಂಗಳಿನ ಗೊಂದಲ ಬರೀ ಸಿಬ್ಬಂದಿಗಲ್ಲ, ಎಷ್ಟೋ ಡಾಕ್ಟರ್‌ಗಳಿಗೂ ಇದೆ.

ಅಮೆರಿಕ, ಯುರೋಪಿನಲ್ಲಿ ಫ್ಲೂ ಅಂದರೆ ಚಳಿಗಾಲ. ಅದಕ್ಕೆ ಅಲ್ಲಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಹಾಕುತ್ತಾರೆ. ನಾವು ಅವರ ಪುಸ್ತಕ ಓದಿ ಅದೇ ತಿಂಗಳು ಹಿಡಿದುಕೊಂಡಿದ್ದೇವೆ. ನಮ್ಮ ದೇಶದಲ್ಲಿ ಫ್ಲೂ ಎರಡು ಸಲ ಏರುತ್ತದೆ. ಒಂದು ಜನವರಿಯಿಂದ ಮಾರ್ಚ್, ಇನ್ನೊಂದು ಮಳೆಗಾಲ ಮತ್ತು ಅದರ ಬೆನ್ನಿಗೆ. ಬೆಂಗಳೂರಿನವರಿಗೆ ಮಳೆಗಾಲದ್ದೇ ದೊಡ್ಡ ತಲೆನೋವು. ಹಾಗಾಗಿ ಏಪ್ರಿಲ್, ಮೇ ನಮ್ಮ ಹೊತ್ತು. ಕರಗ ಮುಗಿಯಿತಾ, ಲಸಿಕೆ ಹಾಕಿಸಿಕೊಳ್ಳಿ ಅಂತ ನಾನು ನಮ್ಮ ಲ್ಯಾಬ್‌ನಲ್ಲಿ ಹೇಳುವುದು.

ಪ್ರತಿ ವರ್ಷ ಯಾಕೆ ಅಂತಲೂ ಕೇಳುತ್ತಾರೆ. ವೈರಸ್ ವೇಷ ಬದಲಿಸುತ್ತಾ ಇರುತ್ತದೆ, ಮೇಲಾಗಿ ಲಸಿಕೆಯ ಶಕ್ತಿಯೂ ತಿಂಗಳು ಕಳೆದಂತೆ ಇಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯವರು ವರ್ಷಕ್ಕೆ ಎರಡು ಸಲ ಕೂತು ಯಾವ ತಳಿ ಹಾಕಬೇಕು ಅಂತ ಹೇಳುತ್ತಾರೆ. ಫೆಬ್ರವರಿಯಲ್ಲಿ ಉತ್ತರಾರ್ಧ ಗೋಳಕ್ಕೆ, ಸೆಪ್ಟೆಂಬರ್‌ನಲ್ಲಿ ದಕ್ಷಿಣಾರ್ಧ ಗೋಳಕ್ಕೆ. ನಾವು ಭೂಪಟದಲ್ಲಿ ಉತ್ತರದವರು, ಫ್ಲೂ ಲೆಕ್ಕದಲ್ಲಿ ದಕ್ಷಿಣದವರು. ಮೇ ತಿಂಗಳಲ್ಲಿ ಹಾಕುವುದಾದರೆ ಡಬ್ಬಿಯ ಮೇಲೆ ದಕ್ಷಿಣಾರ್ಧ ಗೋಳದ್ದು, ಈ ವರ್ಷದ್ದು ಅಂತ ಇದೆಯಾ ನೋಡಿ. ರಾತ್ರಿಪಾಳಿ ಸಿಸ್ಟರ್, ನಿಮ್ಮ ಆ 41 ಡೋಸ್‌ನ ಎಕ್ಸ್‌ಪೈರಿ ನೋಡಿದ್ದೀರಾ?

ಒಂದು ವಿಚಿತ್ರ ಸಂಗತಿ. ಫ್ಲೂ ವೈರಸ್‌ನ ಬಿ ಗುಂಪಿನ ಯಮಗಾಟ ಅನ್ನುವ ತಳಿ 2020ರ ಮಾರ್ಚ್ ಆದಮೇಲೆ ಜಗತ್ತಿನಲ್ಲಿ ಎಲ್ಲೂ ಖಚಿತವಾಗಿ ಸಿಕ್ಕಿಲ್ಲ. ಕೋವಿಡ್ ಕಾಲದ ಮಾಸ್ಕ್, ಲಾಕ್‌ಡೌನ್‌ಗೆ ಅದು ಅಳಿದೇ ಹೋಗಿರಬೇಕು. ಅದಕ್ಕೇ ನಾಲ್ಕು ತಳಿಯ ಲಸಿಕೆಯಿಂದ ಮತ್ತೆ ಮೂರು ತಳಿಯ ಲಸಿಕೆಗೆ ಹೋಗಿ ಅಂತ ಈಗ ಹೇಳುತ್ತಿದ್ದಾರೆ. ಮಾಸ್ಕ್‌ನಿಂದ ಏನೂ ಆಗಲ್ಲ ಅನ್ನುವವರಿಗೆ ಇದನ್ನು ಹೇಳಿ ನೋಡಿ.

ಸಿಲ್ಕ್ ಬೋರ್ಡ್ ಸಂತ್ರಸ್ತ

ನಾನು ಆಸ್ಪತ್ರೆಯವನಲ್ಲ, ಸುಮ್ನೆ ಓದುತ್ತಾ ಬಂದೆ. ಅಪ್ಪನಿಗೆ 68, ಶುಗರ್ ಇದೆ. ಹಾಕಿಸಬಹುದಾ? ರೇಟ್ ಎಷ್ಟು?

ಹಳೇ ಸ್ಟೆತೊ

ಹಾಕಿಸಬಹುದಲ್ಲ, ಹಾಕಿಸಲೇಬೇಕು. ವಯಸ್ಸು, ಶುಗರ್ ಎರಡೂ ಇದೆ. ಖಾಸಗಿಯಲ್ಲಿ ಒಂದೂವರೆಯಿಂದ ಎರಡು ಸಾವಿರದ ಆಸುಪಾಸು. ಅವರ ಡಾಕ್ಟರ್‌ಗೆ ಒಂದು ಮಾತು ಕೇಳಿ.

ಯಲಹಂಕ ಲೋಕಲ್

ಆ ರೇಟ್ ನೋಡಿಯೇ ನಾನು ಬರೆಯುತ್ತಿದ್ದೇನೆ. ನಮ್ಮ ಅಮ್ಮ ಒಂದು ದೊಡ್ಡ ಆಸ್ಪತ್ರೆಯಲ್ಲಿ ಹೌಸ್‌ಕೀಪಿಂಗ್. ಹನ್ನೊಂದು ವರ್ಷ ಆಯಿತು. ಆದರೆ ಕಾಗದದ ಮೇಲೆ ಅವರು ಆಸ್ಪತ್ರೆಯವರಲ್ಲ, ಏಜೆನ್ಸಿಯವರು. ಹೋದ ವರ್ಷ ಲಸಿಕೆ ಹಾಕುವ ದಿನ ಅಮ್ಮನೇ ಆ ರೂಮ್ ಒರೆಸಿ, ಕುರ್ಚಿ ಜೋಡಿಸಿದರು. ನನಗೂ ಹಾಕ್ತೀರಾ ಅಂತ ಕೇಳಿದ್ದಕ್ಕೆ "ಇದು ಸ್ಟಾಫ್‌ಗೆ ಮಾತ್ರ ಅಮ್ಮ" ಅಂದರಂತೆ.

ಅಮ್ಮನಿಗೆ ಉಬ್ಬಸ ಇದೆ. ರೋಗಿ ಕೆಮ್ಮಿದ ಬೆಡ್ ಒರೆಸುವುದು, ಐಸೊಲೇಶನ್ ರೂಮಿನ ಕಸ ತೆಗೆಯುವುದು ಅವರೇ. ತಿಂಗಳ ಸಂಬಳದಲ್ಲಿ ಎರಡು ಸಾವಿರ ತೆಗೆದು ಲಸಿಕೆಗೆ ಕೊಡು ಅಂದರೆ ಯಾರು ಕೊಡುತ್ತಾರೆ?

ನಿಮ್ಮ 41 ಡೋಸ್‌ಗೆ ಜನ ಇಲ್ಲ ಅಂತೀರಿ. ನಿಮ್ಮ ಪಟ್ಟಿಯಲ್ಲಿ ಆಯಾಗಳು, ವಾರ್ಡ್‌ಬಾಯ್‌ಗಳು, ಸೆಕ್ಯುರಿಟಿಯವರು ಇದ್ದಾರಾ?

ರಾತ್ರಿಪಾಳಿ

@ಲ್ಯಾಬ್ ಬೆಂಚ್, ಡಬ್ಬಿ ಸರಿ ಇದೆ, ದಕ್ಷಿಣದ್ದೇ. ಎಕ್ಸ್‌ಪೈರಿಗೆ ತಿಂಗಳುಗಟ್ಟಲೆ ಟೈಮ್ ಇದೆ.

@ಯಲಹಂಕ ಲೋಕಲ್, ಇಲ್ಲ. ಎಚ್‌ಆರ್ ಕೊಟ್ಟ ಪಟ್ಟಿಯಲ್ಲಿ ಏಜೆನ್ಸಿಯವರ ಹೆಸರಿಲ್ಲ. ನಾನೂ ಕೇಳಲಿಲ್ಲ. ನಿಮ್ಮ ಅಮ್ಮನ ವಿಷಯ ಓದಿ ನಾಚಿಕೆಯಾಯಿತು, ನಿಜವಾಗಿ. ಸೋಮವಾರ ಹೋಗಿ ಕೇಳುತ್ತೇನೆ.

ಪಟ್ಟಿ ಬರೆಯುವವನು

ನಾನು ಎಚ್‌ಆರ್, ಹೊಡೀಬೇಡಿ. ಒಂದು ಮಾತು ಹೇಳಲೇಬೇಕು. ಇಷ್ಟೆಲ್ಲ ಒಲಿಸಿಕೊಳ್ಳುವ ಕಷ್ಟ ಯಾಕೆ, ಕಡ್ಡಾಯ ಮಾಡಿ ಮುಗಿಸಬಾರದಾ? ಐಡಿ ಕಾರ್ಡ್ ಇಲ್ಲದೆ ಒಳಗೆ ಬಿಡ್ತೀವಾ? ಹಾಗೇ ಇದೂ.

ಅಮೆರಿಕದ ಸಿಯಾಟಲ್‌ನಲ್ಲಿ ವರ್ಜೀನಿಯಾ ಮೇಸನ್ ಅನ್ನುವ ಆಸ್ಪತ್ರೆ 2005ರಲ್ಲೇ ಎಲ್ಲ ಸಿಬ್ಬಂದಿಗೆ ಕಡ್ಡಾಯ ಮಾಡಿತು. ಮೊದಲ ವರ್ಷವೇ ನೂರಕ್ಕೆ 97ಕ್ಕಿಂತ ಜಾಸ್ತಿ ಜನ ಹಾಕಿಸಿಕೊಂಡರು. ಪೋಸ್ಟರ್ ಅಂಟಿಸಿ, ಕೈಮುಗಿದು ಈ ಲೆಕ್ಕ ಮುಟ್ಟಲು ಆಗುತ್ತಾ?

ಹಳೇ ಸ್ಟೆತೊ

ಅದರ ಉಳಿದರ್ಧ ಕಥೆ ನಾನು ಹೇಳುತ್ತೇನೆ. ಅಲ್ಲಿನ ನರ್ಸ್‌ಗಳ ಸಂಘ ತಕರಾರು ತೆಗೆದು ಗೆದ್ದಿತು. ಸಂಘದ ನರ್ಸ್‌ಗಳನ್ನು ಬಲವಂತ ಮಾಡುವ ಹಾಗಿಲ್ಲ ಅಂತಾಯಿತು. ಕೆನಡಾದ ಒಂಟಾರಿಯೋದ ಒಂದು ಆಸ್ಪತ್ರೆಯಲ್ಲಿ ಲಸಿಕೆ ಬೇಡ ಅಂದವರು ಸೀಸನ್ ಪೂರ್ತಿ ಮಾಸ್ಕ್ ಹಾಕಬೇಕು ಅಂತ ನಿಯಮ ಇತ್ತು. 2015ರಲ್ಲಿ ಅದೂ ಬಿತ್ತು, ಸಾಕಷ್ಟು ಪುರಾವೆ ಇಲ್ಲ ಅಂತ.

ಪುರಾವೆ ವಿಷಯದಲ್ಲಿ ಮುಚ್ಚುಮರೆ ಬೇಡ. ಲಸಿಕೆಯ ತಳಿ ಊರಲ್ಲಿ ಹರಡುವ ತಳಿಗೆ ಚೆನ್ನಾಗಿ ಹೊಂದಿದ ವರ್ಷದಲ್ಲಿ ಈ ಲಸಿಕೆ ಡಾಕ್ಟರ್ ಹತ್ತಿರ ಹೋಗುವಂಥ ಫ್ಲೂವನ್ನು ನೂರಕ್ಕೆ 40ರಿಂದ 60ರಷ್ಟು ತಗ್ಗಿಸುತ್ತದೆ. ಹೊಂದದ ವರ್ಷ ಇನ್ನೂ ಕಡಿಮೆ. ಹಾಕಿಸಿಕೊಂಡವರಿಗೆ ಲಾಭ ಇದೆ ಅನ್ನುವುದರಲ್ಲಿ ಅನುಮಾನ ಇಲ್ಲ. ಸಿಬ್ಬಂದಿ ಹಾಕಿಸಿಕೊಂಡರೆ ರೋಗಿಗಳ ಸಾವು ಎಷ್ಟು ಕಡಿಮೆಯಾಗುತ್ತದೆ ಅನ್ನುವುದರ ಮೇಲೆ ಮಾತ್ರ ತಜ್ಞರಲ್ಲೇ ಜಗಳ ಇದೆ. ಬ್ರಿಟನ್ನಿನ ವೃದ್ಧರ ಆರೈಕೆ ಕೇಂದ್ರಗಳಲ್ಲಿ ಮಾಡಿದ ಪ್ರಯೋಗಗಳು ಒಳ್ಳೆಯ ಫಲಿತಾಂಶ ಕೊಟ್ಟವು. ಆಮೇಲೆ ಅದನ್ನು ಜಾಲಾಡಿದವರು ಲೆಕ್ಕ ಉಬ್ಬಿದೆ ಅಂದರು.

ಆದ್ದರಿಂದ "ನೂರಕ್ಕೆ ನೂರು ಕಾಪಾಡುತ್ತೆ" ಅಂತ ಸಿಬ್ಬಂದಿಗೆ ಹೇಳಬೇಡಿ. ಒಬ್ಬರಿಗೆ ಲಸಿಕೆ ಆದಮೇಲೂ ಫ್ಲೂ ಬಂದರೆ ಇಡೀ ವಾರ್ಡ್ ನಿಮ್ಮ ಮಾತು ಕೇಳುವುದು ಬಿಡುತ್ತದೆ. ಅರ್ಧದಷ್ಟು ಕಡಿಮೆ ಆಗುತ್ತೆ, ಬಂದರೂ ಐಸಿಯು ತನಕ ಹೋಗುವುದು ಕಡಿಮೆ ಅಂತ ಇದ್ದದ್ದು ಇದ್ದ ಹಾಗೆ ಹೇಳಿ. ನರ್ಸ್‌ಗಳು ದಡ್ಡರಲ್ಲ.

ಇಂಜೆಕ್ಷನ್ ಬೇಡಪ್ಪ

ಇಷ್ಟು ನೇರವಾಗಿ ನನಗೆ ಯಾರೂ ಹೇಳಿರಲಿಲ್ಲ. ನಮ್ಮಲ್ಲಿ ಒಂದು ಪೋಸ್ಟರ್ ಇತ್ತು, ನಗುವ ನರ್ಸ್ ಚಿತ್ರ, ಕೆಳಗೆ "ಸುರಕ್ಷಿತವಾಗಿರಿ". ಅಷ್ಟೇ.

ಏಳನೇ ತಿಂಗಳು

ನಾನು ಸ್ಟಾಫ್ ನರ್ಸ್, ಹ್ಯಾಂಡಲ್ ನೋಡಿದರೆ ಗೊತ್ತಾಗುತ್ತೆ. ಅತ್ತೆ "ಬಸುರಿ ಹೆಂಗಸು ಏನೇನೋ ಚುಚ್ಚಿಸಿಕೊಳ್ಳಬೇಡ" ಅಂತ ಗಲಾಟೆ. ಹಾಕಿಸಿಕೊಳ್ಳಬಹುದಾ? ನಂಗೆ ಮೊಟ್ಟೆ ಅಲರ್ಜಿ ಬೇರೆ ಇದೆ, ತಿಂದರೆ ಗಂಧೆ ಏಳುತ್ತೆ.

ಹಳೇ ಸ್ಟೆತೊ

ಎಷ್ಟನೇ ತಿಂಗಳಾದರೂ ಹಾಕಿಸಿಕೊಳ್ಳಬಹುದು. ಬಸುರಿಯರಿಗೆ ಫ್ಲೂ ಬೇರೆಯವರಿಗಿಂತ ಜೋರಾಗಿ ಬರುತ್ತದೆ. 2009ರ ಎಚ್1ಎನ್1 ಕಾಲದಲ್ಲಿ ನಾವು ಕಣ್ಣಾರೆ ಕಂಡಿದ್ದೇವೆ. ಅತ್ತೆಯವರಿಗೆ ಇದನ್ನು ಹೇಳಿ: ಆರು ತಿಂಗಳ ಒಳಗಿನ ಕೂಸಿಗೆ ಫ್ಲೂ ಲಸಿಕೆ ಹಾಕುವಂತಿಲ್ಲ. ಆ ಆರು ತಿಂಗಳು ಕೂಸಿಗೆ ರಕ್ಷಣೆ ಸಿಗುವುದು ಅಮ್ಮ ಹಾಕಿಸಿಕೊಂಡಿದ್ದರಿಂದಲೇ. ಮೊಮ್ಮಗುವಿನ ಹೆಸರು ಹೇಳಿದರೆ ಒಪ್ಪುತ್ತಾರೆ.

ಹೆಚ್ಚಿನ ಫ್ಲೂ ಲಸಿಕೆಗಳನ್ನು ಕೋಳಿಮೊಟ್ಟೆಯಲ್ಲೇ ಬೆಳೆಸುವುದು, ನಿಜ. ಆದರೆ ಉಳಿಯುವ ಮೊಟ್ಟೆ ಅಂಶ ತೀರಾ ಕಡಿಮೆ. ಮೊಟ್ಟೆ ಅಲರ್ಜಿ ಇದೆ ಅಂತ ಬಿಡಬೇಕಿಲ್ಲ ಅಂತಲೇ ಈಗ ಅಮೆರಿಕದ ಸಲಹೆ. ಹಿಂದೆ ಫ್ಲೂ ಲಸಿಕೆಯಿಂದಲೇ ಉಸಿರು ಕಟ್ಟುವಂಥ ಅಲರ್ಜಿ ಆಗಿದ್ದರೆ ಮಾತ್ರ ಬೇಡ. ಹಾಕುವವರಿಗೆ ಅಲರ್ಜಿ ವಿಷಯ ಮೊದಲೇ ತಿಳಿಸಿ, ಹಾಕಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಿ.

ಮೂಲೆ ಮೆಡಿಕಲ್ಸ್

ಫಾರ್ಮಸಿಯವನು. ಒಂದು ಎಚ್ಚರಿಕೆ. ಈ ಲಸಿಕೆ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಫ್ರೀಜರ್ ಪಕ್ಕ ಒತ್ತಿಟ್ಟು ಗಡ್ಡೆ ಕಟ್ಟಿಸಿದರೆ ಮುಗಿಯಿತು, ಕರಗಿಸಿ ಹಾಕುವಂತಿಲ್ಲ. ಕರೆಂಟ್ ಹೋಗುವ ಏರಿಯಾ ಆದರೆ ಫ್ರಿಜ್ ಯುಪಿಎಸ್ ಮೇಲಿದೆಯಾ ನೋಡಿ. ಸಿಬ್ಬಂದಿಯ ಟಿಫಿನ್ ಡಬ್ಬಿ ಲಸಿಕೆ ಫ್ರಿಜ್‌ನಲ್ಲಿ ಇಡುವವರನ್ನು ಏನು ಮಾಡಬೇಕೋ ನೀವೇ ಹೇಳಿ.

ರಾತ್ರಿಪಾಳಿ

ಟಿಫಿನ್ ಡಬ್ಬಿ ಅಂದಿರಲ್ಲ, ಹೋದ ವಾರವೇ ಒಂದು ಮೊಸರನ್ನದ ಡಬ್ಬಿ ಹೊರಗೆ ಹಾಕಿದೆ. ಇಡೀ ಫ್ಲೋರ್ ನನ್ನ ಮೇಲೆ ಸಿಟ್ಟು.

ಬೋರಿಂಗ್ ಅಲ್ಲ ಬೌರಿಂಗ್

ಸರ್ಕಾರಿ ಕಡೆಯಿಂದ ನಾನು. ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿಯಲ್ಲಿ ಆರೋಗ್ಯ ಸಿಬ್ಬಂದಿ ಫ್ಲೂ ಲಸಿಕೆ ಹಾಕಿಸಿಕೊಳ್ಳಬೇಕು ಅಂತ ಇದೆ. ಆದರೆ ಮಕ್ಕಳಿಗೆ ಹಾಕುವ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದ ಹಾಗೆ ತಾನಾಗಿ ಬರುವ ಲಸಿಕೆ ಇದಲ್ಲ. 2023ರ ಮಾರ್ಚ್‌ನಲ್ಲಿ ಎಚ್3ಎನ್2 ಅನ್ನುವ ಫ್ಲೂ ತಳಿಯ ಗಲಾಟೆ ಆಯಿತಲ್ಲ, ಹಾಸನ ಜಿಲ್ಲೆಯಿಂದ ರಾಜ್ಯದ ಮೊದಲ ಸಾವು ವರದಿಯಾಗಿ ಆಸ್ಪತ್ರೆ ಸಿಬ್ಬಂದಿಗೆಲ್ಲ ಮಾಸ್ಕ್ ಕಡ್ಡಾಯ ಅಂತ ಸರ್ಕಾರ ಹೇಳಿತು. ಆಗ ಎಲ್ಲರೂ ಲಸಿಕೆ ಎಲ್ಲಿ, ಲಸಿಕೆ ಎಲ್ಲಿ ಅಂತ ಓಡಾಡಿದರು. ಎರಡು ತಿಂಗಳು ಕಳೆದ ಮೇಲೆ ಮತ್ತೆ ಎಲ್ಲರೂ ಗಪ್‌ಚುಪ್.

ನನ್ನ ಅನುಭವ ಹೇಳುತ್ತೇನೆ. ಜನ ಲಸಿಕೆಗೆ ಬರುವುದಿಲ್ಲ, ಲಸಿಕೆ ಜನರ ಹತ್ತಿರ ಹೋಗಬೇಕು. ನೀವು ಎಲ್ಲಿ, ಎಷ್ಟು ಹೊತ್ತಿಗೆ ಹಾಕುತ್ತಿದ್ದೀರಿ?

ರಾತ್ರಿಪಾಳಿ

ಗ್ರೌಂಡ್ ಫ್ಲೋರ್, ಓಪಿಡಿ ಪಕ್ಕದ ರೂಮ್. ಬೆಳಿಗ್ಗೆ 10ರಿಂದ 12.

ಬೋರಿಂಗ್ ಅಲ್ಲ ಬೌರಿಂಗ್

ಅಯ್ಯೋ ಸಿಸ್ಟರ್! ನಿಮ್ಮ ಹೆಸರೇ ರಾತ್ರಿಪಾಳಿ! ಹತ್ತು ಗಂಟೆಗೆ ಡೇ ಡ್ಯೂಟಿಯವರು ರೌಂಡ್ಸ್‌ನಲ್ಲಿರುತ್ತಾರೆ. ನೈಟ್ ಮಾಡಿದವರು ಆಗಲೇ ಬಸ್ ಹತ್ತಿ ಮನೆಯಲ್ಲಿ ಮಲಗಿರುತ್ತಾರೆ. ಯಾರು ಬರಬೇಕು?

ಐಸ್‌ಪ್ಯಾಕ್ ಇರುವ ವ್ಯಾಕ್ಸಿನ್ ಕ್ಯಾರಿಯರ್, ಅಲರ್ಜಿ ಆದರೆ ಕೊಡುವ ಅಡ್ರಿನಲಿನ್ ಕಿಟ್, ಒಂದು ರಿಜಿಸ್ಟರ್, ಒಂದು ಟ್ರಾಲಿ. ಅಷ್ಟು ಹಿಡಿದುಕೊಂಡು ವಾರ್ಡ್‌ಗೆ ಹೋಗಿ. ಡ್ಯೂಟಿ ಡಾಕ್ಟರ್‌ಗೆ ಮೊದಲೇ ಹೇಳಿಡಿ. ರಾತ್ರಿ ಎರಡೂವರೆಗೆ ಟೀ ಹೊತ್ತಿಗೆ ಹೋದರೆ ಯಾರೂ ಇಲ್ಲ ಅನ್ನುವುದಿಲ್ಲ. ಮೊದಲು ಇನ್‌ಚಾರ್ಜ್ ಸಿಸ್ಟರ್‌ಗೆ ಹಾಕಿ, ಎಲ್ಲರ ಎದುರಿಗೆ. ಒಬ್ಬರು ಅಂಗಿಯ ತೋಳು ಮಡಚಿದರೆ ಉಳಿದವರು ಹಿಂದೆ ಬರುತ್ತಾರೆ.

ಮತ್ತೆ ವೀಕ್ಲಿ ಆಫ್‌ನ ಹಿಂದಿನ ದಿನ ಯಾರಿಗೆ ಬೇಕು ಕೇಳಿ. ಕೈ ನೋವಿನ ಭಯ ಅರ್ಧ ಅಲ್ಲೇ ಹೋಗುತ್ತದೆ.

ಇಂಜೆಕ್ಷನ್ ಬೇಡಪ್ಪ

ಎಲ್ಲ ಸರಿ, ಆದರೆ ಸಿಸ್ಟರ್ ಮೊದಲನೇ ಪೋಸ್ಟ್‌ನಲ್ಲೇ ನಿಜವಾದ ವಿಷಯ ಇದೆ, ಯಾರೂ ಮಾತಾಡುತ್ತಿಲ್ಲ. ಆ ಸಿಸ್ಟರ್ ಜ್ವರದಲ್ಲಿ ಬಂದಿದ್ದು ಬೋನಸ್ ಹೋಗುತ್ತೆ ಅಂತ. ನೂರಕ್ಕೆ 50 ಕೆಲಸ ಮಾಡುವ ಲಸಿಕೆ ಹಾಕಿಸಿ, ಜ್ವರ ಬಂದವರನ್ನು ಡ್ಯೂಟಿಗೆ ಕರೆಸಿದರೆ ಏನು ಬಂತು? ನನಗೆ ಲಸಿಕೆಗಿಂತ ಮೊದಲು ಆ ನಾಲ್ಕು ದಿನದ ಸಂಬಳ ಕೊಡಿ.

ಪಟ್ಟಿ ಬರೆಯುವವನು

ಇದಕ್ಕೆ ನನ್ನ ಹತ್ತಿರ ಒಳ್ಳೆ ಉತ್ತರ ಇಲ್ಲ. ಜ್ವರ ಅಂತ ಹೇಳಿ ಊರಿಗೆ ಹೋಗುವವರೂ ಇದ್ದಾರೆ, ಅದಕ್ಕೇ ಆ ನಿಯಮ ಮಾಡಿದ್ದು. ಆದರೆ ಒಬ್ಬರ ಮೂರು ದಿನದ ರಜೆ ಉಳಿಸಲು ಹೋಗಿ ಐದು ಜನ ಮಲಗಿದರೆ ನಷ್ಟ ಯಾರಿಗೆ ಅಂತ ಈ ಚರ್ಚೆ ಓದಿದ ಮೇಲೆ ಲೆಕ್ಕ ಹಾಕಿದೆ. ಜ್ವರ ಇದ್ದವರನ್ನು ಕ್ಯಾಶುಯಲ್ಟಿ ಡಾಕ್ಟರ್ ನೋಡಿ ಬರೆದುಕೊಟ್ಟರೆ ಬೋನಸ್ ಕಟ್ ಇಲ್ಲ ಅಂತ ಮಾಡಬಹುದು. ಕೇಳಿ ನೋಡುತ್ತೇನೆ. ಭರವಸೆ ಕೊಡುವುದಿಲ್ಲ.

ಹಳೇ ಸ್ಟೆತೊ

ಜ್ವರದ ಮಾತ್ರೆ ಇಲ್ಲದೆ ಜ್ವರ ಬಿಟ್ಟು 24 ಗಂಟೆ ಕಳೆಯುವ ತನಕ ಡ್ಯೂಟಿ ಬೇಡ. ಬಂದ ಮೇಲೂ ಕೆಮ್ಮು ಇದ್ದರೆ ಮಾಸ್ಕ್. ಡೋಲೋ ನುಂಗಿ ಥರ್ಮಾಮೀಟರ್‌ಗೆ ಮೋಸ ಮಾಡಬಹುದು, ವೈರಸ್‌ಗೆ ಅಲ್ಲ.

ರಾತ್ರಿಪಾಳಿ

ಹನ್ನೆರಡು ದಿನ ಆಯಿತು, ಏನಾಯಿತು ಅಂತ ಹೇಳುತ್ತೇನೆ.

ಟ್ರಾಲಿ ಹಿಡಿದು ಎರಡು ರಾತ್ರಿ ಹೋದೆ. ಮೊದಲ ರಾತ್ರಿ 11 ಜನ, ಎರಡನೇ ರಾತ್ರಿ 6. ಐಸಿಯು ಇನ್‌ಚಾರ್ಜ್ ಕಣ್ಣು ಮುಚ್ಚಿಕೊಂಡು ಕೈ ಕೊಟ್ಟರು. ದಿನಾ ನೂರು ಜನಕ್ಕೆ ಚುಚ್ಚುವವರು! ಎಲ್ಲರೂ ನಕ್ಕಿದ್ದೇ ಆಯಿತು, ಸಾಲು ನಿಂತರು.

ಏಜೆನ್ಸಿಯವರಿಗೆ ಅಪ್ಪಣೆ ಸಿಗಲು ಐದು ದಿನ ಹಿಡಿಯಿತು. "ಡೋಸ್ ಹಾಳಾಗಿ ಬಿಸಾಡುವುದಕ್ಕಿಂತ ಹಾಕಿ" ಅಂದರು ಮೇಲಿನವರು. ಆ ಮಾತಿಗೆ ಖುಷಿ ಪಡಬೇಕೋ ಬೇಡವೋ ಗೊತ್ತಾಗಲಿಲ್ಲ. ಹೌಸ್‌ಕೀಪಿಂಗ್‌ನ 13 ಜನ ಬಂದರು. ಒಬ್ಬರನ್ನೂ ಒಪ್ಪಿಸಬೇಕಾಗಲಿಲ್ಲ. ಕರೆದಿದ್ದೇ ಸಾಕಾಯಿತು. ಸೆಕ್ಯುರಿಟಿಯ ಇಬ್ಬರು, ಮೂರು ಜನ ಡಾಕ್ಟರ್‌ಗಳು. ಡಾಕ್ಟರ್‌ಗಳನ್ನು ಒಪ್ಪಿಸುವುದೇ ಎಲ್ಲಕ್ಕಿಂತ ಕಷ್ಟ ಆಯಿತು, ಅದಕ್ಕೊಂದು ಬೇರೆ ಚರ್ಚೆ ಬೇಕು.

ಬೋನಸ್ ವಿಷಯ ನಮ್ಮಲ್ಲಿ ಇನ್ನೂ ಹಾಗೇ ಇದೆ.

ಯಲಹಂಕ ಲೋಕಲ್

ಆ 13 ಜನಕ್ಕೆ ಹಾಕಿದ ಕಾರ್ಡ್ ಕೊಟ್ಟಿದ್ದೀರಾ? ಏಜೆನ್ಸಿ ಬದಲಾದರೆ ಮುಂದಿನ ವರ್ಷ ಮತ್ತೆ ಯಾರ ಪಟ್ಟಿಯಲ್ಲೂ ಇರುವುದಿಲ್ಲ ಅವರು. ಅಮ್ಮನಿಗೆ ನಾನೇ ದುಡ್ಡು ಕೊಟ್ಟು ಹಾಕಿಸಿದೆ.

ರಾತ್ರಿಪಾಳಿ

ಕಾರ್ಡ್ ಕೊಟ್ಟೆ, ನನ್ನ ರಿಜಿಸ್ಟರ್‌ನಲ್ಲೂ ಬರೆದುಕೊಂಡಿದ್ದೇನೆ. ಏಜೆನ್ಸಿ ಹೆಸರಲ್ಲಿ ಅಲ್ಲ, ಅವರವರ ಹೆಸರಲ್ಲೇ.

@ಇಂಜೆಕ್ಷನ್ ಬೇಡಪ್ಪ, ನಿಮ್ಮದು ಏನಾಯಿತು?

ಇಂಜೆಕ್ಷನ್ ಬೇಡಪ್ಪ

ಇನ್ನೂ ಯೋಚನೆ ಮಾಡ್ತಾ ಇದ್ದೀನಿ. ಗುರುವಾರ ಆಫ್ ಇದೆ. ಬುಧವಾರ ನಮ್ಮಲ್ಲಿ ಯಾರಾದರೂ ಟ್ರಾಲಿ ತಂದರೆ ನೋಡೋಣ. ಗ್ರೌಂಡ್ ಫ್ಲೋರ್‌ಗಂತೂ ಹೋಗಲ್ಲ.

ರಾತ್ರಿಪಾಳಿ

ನನ್ನ ಹತ್ತಿರ ಇನ್ನೂ ಆರು ಡೋಸ್ ಇವೆ. ನಾಳೆ ಬೆಳಿಗ್ಗೆ ಏಳಕ್ಕೆ ಆಂಬ್ಯುಲೆನ್ಸ್ ಡ್ರೈವರ್‌ಗಳು ಡ್ಯೂಟಿ ಬದಲಿಸುತ್ತಾರೆ. ಗೇಟ್ ಹತ್ತಿರವೇ ನಿಂತಿರುತ್ತೇನೆ.